ಮಾತಿನ ಮಲ್ಲ ಬೆನ್ ಶಪೀರೊ

‘ಮಾತು ಬಲ್ಲವನಿಗೆ ಜಗಳವಿಲ್ಲ, ಊಟ ಬಲ್ಲವನಿಗೆ ರೋಗವಿಲ್ಲ’ ಎಂದರು ನಮ್ಮ ಹಿರಿಯರು. ಆದರೆ ಮಾತು ಚೆನ್ನಾಗಿ ಬಲ್ಲವರಾಗಿಯೂ, ಆ ಮಾತಿನಿಂದಲೇ ಹೋದಲ್ಲೆಲ್ಲ ಜಗಳ ಎಬ್ಬಿಸಿ, ಆ ಜಗಳದಿಂದಲೇ ಹೆಸರನ್ನೂ ಹಣವನ್ನೂ ಗಳಿಸಿದವರೊಬ್ಬರು ಅಮೆರಿಕದಲ್ಲಿದ್ದಾರೆ. ಅವರೇ ಬೆನ್ ಶಪೀರೊ. ಅಭಿಮಾನಿಗಳಿಗೆ ಅವರು ಸತ್ಯವನ್ನು ಮುಖಕ್ಕೆ ಹೊಡೆದ ಹಾಗೆ ಹೇಳುವ ಧೀರ. ವಿರೋಧಿಗಳಿಗೆ ದ್ವೇಷಕ್ಕೆ ತರ್ಕದ ಅಂಗಿ ತೊಡಿಸುವ ಚತುರ. ನಡುವಿನ ಅಭಿಪ್ರಾಯದವರು ಸಿಗುವುದು ಅಪರೂಪ.

ಈ ವ್ಯಕ್ತಿಯ ಪರಿಚಯ ನನಗಾದದ್ದು ನನ್ನ ವಿದ್ಯಾರ್ಥಿಯಿಂದ. ವಿಜ್ಞಾನ ಪಾಠದ ಜೊತೆಗೆ ಮಕ್ಕಳನ್ನು ಚರ್ಚಾಸ್ಪರ್ಧೆಗೆ ತಯಾರು ಮಾಡುವ ಕೆಲಸವೂ ಶಾಲೆಯಲ್ಲಿ ಹಲವು ವರ್ಷಗಳಿಂದ ನನ್ನ ಪಾಲಿಗೇ ಬರುತ್ತಿದೆ. ಹತ್ತನೇ ತರಗತಿಯ ಹುಡುಗನೊಬ್ಬ ಒಂದು ಸಂಜೆ ಅಣ್ಣನ ಮೊಬೈಲ್ ತಂದು ವಿಡಿಯೊ ತೋರಿಸಿದ. ತಲೆಗೆ ಯಹೂದಿಗಳ ಪುಟ್ಟ ಟೋಪಿ ಧರಿಸಿದ್ದ, ಗಿಡ್ಡನೆಯ ವ್ಯಕ್ತಿಯೊಬ್ಬರು ಉಸಿರೂ ಬಿಡದಂತೆ ಮಾತಾಡುತ್ತಿದ್ದರು. ಎದುರಿಗೆ ಮೈಕು ಹಿಡಿದು ನಿಂತಿದ್ದ ಕಾಲೇಜು ಹುಡುಗಿಗೆ ತಡವರಿಕೆ. ಸಭೆಯಲ್ಲಿ ಶಿಳ್ಳೆ, ಚಪ್ಪಾಳೆ.

‘ಸಾರ್, ನಂಗೂ ಹೀಗೆ ಮಾತಾಡೋದು ಕಲಿಸಿ. ಎದುರಿನವರು ಬಾಯೇ ಬಿಡಬಾರದು’ ಎಂದ ಹುಡುಗ.

ಆ ರಾತ್ರಿ ಕುತೂಹಲದಿಂದ ಇನ್ನಷ್ಟು ವಿಡಿಯೊಗಳನ್ನು ನೋಡಿದೆ. ಆಮೇಲೆ ಈ ಮನುಷ್ಯನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಅವರ ಘೋಷವಾಕ್ಯವಂತೂ ನನ್ನಂಥ ವಿಜ್ಞಾನದ ಮೇಷ್ಟರ ಕಿವಿ ನಿಮಿರುವಂಥದು. ವಾಸ್ತವಾಂಶಗಳಿಗೆ ನಿಮ್ಮ ಭಾವನೆಗಳ ಹಂಗಿಲ್ಲ ಎಂಬುದು ಅದರ ಅರ್ಥ. ಸರಿಯಾದ ಮಾತೇ ಅಲ್ಲವೇ? ಅದನ್ನು ಹೇಳಿದವರು ಅದರಂತೆ ನಡೆದರೇ ಎಂಬುದೇ ಮುಂದಿನ ಪ್ರಶ್ನೆ.

ಹದಿನೇಳಕ್ಕೇ ಅಂಕಣಕಾರ

ಶಪೀರೊ ಹುಟ್ಟಿದ್ದು 1984ರ ಜನವರಿ 15ರಂದು, ಕ್ಯಾಲಿಫೋರ್ನಿಯಾದಲ್ಲಿ. ಸಂಪ್ರದಾಯಸ್ಥ ಯಹೂದಿ ಮನೆತನ. ಬಾಲ್ಯದಲ್ಲೇ ಪಿಟೀಲು ಕಲಿತ ಹುಡುಗ ಹನ್ನೆರಡನೇ ವಯಸ್ಸಿಗೆ ದೊಡ್ಡ ಸಭೆಗಳಲ್ಲಿ ನುಡಿಸಿದ. ಓದಿನಲ್ಲಿ ಎಷ್ಟು ಚುರುಕೆಂದರೆ ಎರಡು ತರಗತಿಗಳನ್ನು ಹಾರಿ, ಹದಿನಾರಕ್ಕೇ ಹೈಸ್ಕೂಲು ಮುಗಿಸಿದ. ತನಗಿಂತ ದೊಡ್ಡ ಮಕ್ಕಳ ನಡುವೆ ಕೂರುವ ಚಿಕ್ಕ ಹುಡುಗನಿಗೆ ಬಾಯಿಯೇ ಆಯುಧವಾಗುವುದನ್ನು ಮೇಷ್ಟರಾದ ನಾವೆಲ್ಲ ಕಂಡಿದ್ದೇವೆ.

ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರ ಓದುತ್ತಿದ್ದಾಗಲೇ, ಹದಿನೇಳನೇ ವಯಸ್ಸಿನಲ್ಲಿ, ಕ್ರಿಯೇಟರ್ಸ್ ಸಿಂಡಿಕೇಟ್ ಎಂಬ ಸಂಸ್ಥೆ ಅವರಿಂದ ಅಂಕಣ ಬರೆಸತೊಡಗಿತು. ಒಬ್ಬರ ಬರಹವನ್ನು ದೇಶದ ಹಲವು ಪತ್ರಿಕೆಗಳಿಗೆ ಮಾರುವ ಸಂಸ್ಥೆಯಿದು. ಆಗ ಹೀಗೆ ದೇಶದಾದ್ಯಂತ ಪ್ರಕಟವಾಗುತ್ತಿದ್ದ ಅಂಕಣಕಾರರಲ್ಲಿ ಅವರೇ ಅತಿ ಕಿರಿಯರು. ಇಪ್ಪತ್ತನೇ ವಯಸ್ಸಿಗೆ, 2004ರಲ್ಲಿ, ಪದವಿಯೂ ಬಂತು, ‘ಬ್ರೇನ್‌ವಾಶ್ಡ್’ ಎಂಬ ಮೊದಲ ಪುಸ್ತಕವೂ ಬಂತು. ಅಮೆರಿಕದ ವಿಶ್ವವಿದ್ಯಾಲಯಗಳ ಪ್ರಾಧ್ಯಾಪಕರು ಎಡಪಂಥೀಯ ವಿಚಾರಗಳನ್ನು ವಿದ್ಯಾರ್ಥಿಗಳ ತಲೆಗೆ ತುಂಬುತ್ತಿದ್ದಾರೆ ಎಂಬುದು ಅದರ ದೂರು. 2007ರಲ್ಲಿ ಹಾರ್ವರ್ಡ್‌ನಿಂದ ಕಾನೂನು ಪದವಿ ಪಡೆದು ಸ್ವಲ್ಪ ಕಾಲ ವಕೀಲಿಕೆಯನ್ನೂ ಮಾಡಿದರು. ಆದರೆ ಅವರ ಮನಸ್ಸಿದ್ದದ್ದು ಜನತಾ ನ್ಯಾಯಾಲಯದಲ್ಲಿ!

ಅವರ ನಿಲುವುಗಳೇನು? ಸರ್ಕಾರ ಚಿಕ್ಕದಿರಬೇಕು, ತೆರಿಗೆ ಕಡಿಮೆಯಿರಬೇಕು. ಗರ್ಭಪಾತ ಕೂಡದು. ನಾಗರಿಕರು ಬಂದೂಕು ಇಟ್ಟುಕೊಳ್ಳುವ ಹಕ್ಕಿಗೆ ಕೈಹಚ್ಚಬಾರದು. ಇಸ್ರೇಲಿಗೆ ಅಮೆರಿಕ ಬೆಂಬಲವಾಗಿರಬೇಕು. ಧರ್ಮ ಮತ್ತು ಕುಟುಂಬವೇ ಸಮಾಜದ ಬುನಾದಿ. ಅಮೆರಿಕದಲ್ಲಿ ಇಂಥ ವಿಚಾರಗಳನ್ನು ಒಪ್ಪುವವರು ಕೋಟಿಗಟ್ಟಲೆ ಇದ್ದಾರೆ. ಆದ್ದರಿಂದ ಶಪೀರೊ ಖ್ಯಾತಿಯ ಗುಟ್ಟು ಅವರ ವಿಚಾರಗಳಿಗಿಂತ ಹೆಚ್ಚಾಗಿ ಅವುಗಳನ್ನು ಮಂಡಿಸುವ ವೇಗದಲ್ಲಿದೆ, ಮೊನಚಿನಲ್ಲಿದೆ.

ಇಲ್ಲದ ಸಂಸ್ಥೆಯ ಸುದ್ದಿ

ಆ ಮೊನಚನ್ನು ದೇಶ ಕಂಡದ್ದು 2013ರ ಜನವರಿಯಲ್ಲಿ. ಅದಕ್ಕೆ ಹಿಂದಿನ ತಿಂಗಳಷ್ಟೇ ಕನೆಕ್ಟಿಕಟ್ ರಾಜ್ಯದ ಸ್ಯಾಂಡಿ ಹುಕ್ ಶಾಲೆಯಲ್ಲಿ ಬಂದೂಕುಧಾರಿಯೊಬ್ಬ 20 ಪುಟಾಣಿಗಳನ್ನೂ 6 ಮಂದಿ ಸಿಬ್ಬಂದಿಯನ್ನೂ ಕೊಂದಿದ್ದ. ಬಂದೂಕು ನಿಯಂತ್ರಣ ಬೇಕೆಂದು ಸಿಎನ್ಎನ್ ವಾಹಿನಿಯ ಪಿಯರ್ಸ್ ಮಾರ್ಗನ್ ದಿನವೂ ವಾದಿಸುತ್ತಿದ್ದರು. ಅವರ ಕಾರ್ಯಕ್ರಮಕ್ಕೇ ಹೋದ ಶಪೀರೊ, ಸತ್ತ ಮಕ್ಕಳ ಸಮಾಧಿಯ ಮೇಲೆ ನಿಂತು ರಾಜಕೀಯ ಮಾಡುತ್ತಿದ್ದೀರಿ ಎಂದು ಅವರನ್ನೇ ಆಪಾದಿಸಿ, ಅಮೆರಿಕದ ಸಂವಿಧಾನದ ಕಿರುಪ್ರತಿಯನ್ನು ಮೇಜಿನ ಮೇಲಿಟ್ಟರು. ಇಪ್ಪತ್ತೆಂಟರ ತರುಣ ಬಲಪಂಥೀಯರ ಕಣ್ಮಣಿಯಾಗಲು ಅಷ್ಟು ಸಾಕಾಯಿತು.

ಮರುತಿಂಗಳೇ ಇನ್ನೊಂದು ಪ್ರಸಂಗ. ಅಧ್ಯಕ್ಷ ಒಬಾಮಾ ಅವರು ರಕ್ಷಣಾ ಸಚಿವ ಹುದ್ದೆಗೆ ಚಕ್ ಹೇಗಲ್ ಅವರನ್ನು ಹೆಸರಿಸಿದ್ದರು. ಆಗ ‘ಬ್ರೈಟ್‌ಬಾರ್ಟ್’ ಸುದ್ದಿತಾಣದಲ್ಲಿದ್ದ ಶಪೀರೊ, ಹೇಗಲ್ ಅವರಿಗೆ ‘ಫ್ರೆಂಡ್ಸ್ ಆಫ್ ಹಮಾಸ್’ ಎಂಬ ಸಂಘಟನೆಯಿಂದ ಹಣ ಬಂದಿರಬಹುದು ಎಂದು ಸೆನೆಟ್ ಮೂಲಗಳು ಶಂಕಿಸಿರುವುದಾಗಿ ಬರೆದರು. ಸುದ್ದಿ ಕಾಳ್ಗಿಚ್ಚಿನಂತೆ ಹಬ್ಬಿತು. ಆದರೆ ಅಂಥ ಸಂಘಟನೆ ಇರುವುದಕ್ಕೆ ಯಾವ ಸಾಕ್ಷ್ಯವೂ ಸಿಗಲಿಲ್ಲ! ನ್ಯೂಯಾರ್ಕ್ ಡೈಲಿ ನ್ಯೂಸ್ ಪತ್ರಿಕೆಯ ವರದಿಗಾರ ಡ್ಯಾನ್ ಫ್ರೀಡ್‌ಮನ್, ತಾನು ಸಂಸತ್ತಿನ ಸಹಾಯಕರೊಬ್ಬರಿಗೆ ಪ್ರಶ್ನೆ ಕೇಳುವಾಗ ತಮಾಷೆಗೆ ಹೊಸೆದ ಹೆಸರದು, ಬಹುಶಃ ಅದೇ ಸುತ್ತಿ ಸುತ್ತಿ ಸುದ್ದಿಯಾಯಿತು ಎಂದು ಬರೆದರು. ಶಪೀರೊ ಜಗ್ಗಲಿಲ್ಲ. ನನ್ನ ಮೂಲಗಳು ಬೇರೆ, ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆದಿದ್ದೇನೆ ಎಂದು ಸಮರ್ಥಿಸಿಕೊಂಡರು. ಸೆನೆಟ್ 58–41 ಮತಗಳಿಂದ ಹೇಗಲ್ ನೇಮಕವನ್ನು ಒಪ್ಪಿತು.

ಪ್ರಯೋಗಾಲಯದಲ್ಲಿ ನಾವು ಮಕ್ಕಳಿಗೆ ಹೇಳುವ ಮೊದಲ ಪಾಠವೇನು? ಬೇರೆಯವರು ತೆಗೆದ ಅಳತೆಯನ್ನು ನಿನ್ನ ಪುಸ್ತಕಕ್ಕೆ ಇಳಿಸಬೇಡ, ನೀನೇ ಅಳೆ. ಯಾರೋ ಹೇಳಿದರು ಎಂಬುದು ಒಂದು ವಾಸ್ತವ ಇರಬಹುದು. ಹೇಳಿದ ಸಂಗತಿ ವಾಸ್ತವವೇ ಎಂಬುದು ಬೇರೆ ಪ್ರಶ್ನೆ. ಭಾವನೆಗಳ ಹಂಗಿಲ್ಲದ ವಾಸ್ತವಾಂಶಕ್ಕೆ ನಮ್ಮ ರಾಜಕೀಯ ಪಕ್ಷದ ಹಂಗೂ ಇರುವುದಿಲ್ಲ.

ಸ್ವಪಕ್ಷದವರ ಸಿಟ್ಟು

ಹಾಗೆಂದು ಶಪೀರೊ ಬರೀ ಅವಕಾಶವಾದಿ ಎಂದು ತಳ್ಳಿಹಾಕುವಂತೆಯೂ ಇಲ್ಲ. 2016ರ ಮಾರ್ಚಿನಲ್ಲಿ ಬ್ರೈಟ್‌ಬಾರ್ಟ್‌ನ ವರದಿಗಾರ್ತಿ ಮಿಶೆಲ್ ಫೀಲ್ಡ್ಸ್, ಡೊನಾಲ್ಡ್ ಟ್ರಂಪ್ ಅವರ ಪ್ರಚಾರ ವ್ಯವಸ್ಥಾಪಕ ಕೋರಿ ಲೆವಾಂಡೊವ್‌ಸ್ಕಿ ತನ್ನ ತೋಳು ಹಿಡಿದೆಳೆದರು ಎಂದು ದೂರಿದರು. ಅವರು ಅದನ್ನು ನಿರಾಕರಿಸಿದರು. ಮೊಕದ್ದಮೆಯೂ ಮುಂದೆ ನಡೆಯಲಿಲ್ಲ. ಆದರೆ ಸಂಸ್ಥೆ ತನ್ನ ವರದಿಗಾರ್ತಿಯ ಬೆನ್ನಿಗೆ ನಿಲ್ಲಲಿಲ್ಲ ಎಂದು ಶಪೀರೊ ರಾಜೀನಾಮೆ ಬಿಸಾಕಿ ಹೊರಬಂದರು. ಆ ವರ್ಷದ ಚುನಾವಣೆಯಲ್ಲಿ ಅವರು ಟ್ರಂಪ್‌ಗೂ ಮತ ಹಾಕಲಿಲ್ಲ, ಹಿಲರಿ ಕ್ಲಿಂಟನ್‌ಗೂ ಹಾಕಲಿಲ್ಲ.

ಇದಕ್ಕೆ ತೆತ್ತ ಬೆಲೆ ಸಣ್ಣದಲ್ಲ. ಯಹೂದಿ ದ್ವೇಷದ ವಿರುದ್ಧ ಕೆಲಸ ಮಾಡುವ ಆಂಟಿ ಡಿಫಮೇಶನ್ ಲೀಗ್ ಸಂಸ್ಥೆ, 2015ರ ಆಗಸ್ಟಿನಿಂದ 2016ರ ಜುಲೈವರೆಗೆ ಪತ್ರಕರ್ತರಿಗೆ ಬಂದ ಯಹೂದಿ ದ್ವೇಷದ ಟ್ವೀಟ್‌ಗಳನ್ನು ಲೆಕ್ಕ ಹಾಕಿತು. ಅತಿ ಹೆಚ್ಚು ಬೈಗುಳ ತಿಂದವರು ಶಪೀರೊ, 7,400ಕ್ಕೂ ಹೆಚ್ಚು! ಬೈದವರಲ್ಲಿ ಎಷ್ಟೋ ಮಂದಿ ಬಲಪಂಥದ ಅಂಚಿನವರೇ. 2020ರ ಹೊತ್ತಿಗೆ ಶಪೀರೊ ನಿಲುವು ಬದಲಿಸಿ ಟ್ರಂಪ್‌ಗೆ ಮತ ಹಾಕಿದರು. ಅವರ ಆಡಳಿತ ನೋಡಿ ಮನಸ್ಸು ಬದಲಾಯಿತು ಎಂದು ಅಭಿಮಾನಿಗಳು, ಗಾಳಿ ಬಂದ ಕಡೆ ತೂರಿಕೊಂಡರು ಎಂದು ಟೀಕಾಕಾರರು.

ಅಷ್ಟರಲ್ಲಿ 2015ರಲ್ಲಿ ಜೆರೆಮಿ ಬೋರಿಂಗ್ ಎಂಬ ಗೆಳೆಯರೊಡನೆ ಕಟ್ಟಿದ ‘ಡೈಲಿ ವೈರ್’ ಸಂಸ್ಥೆ ಬೆಳೆದು ನಿಂತಿತ್ತು. ಟೆಕ್ಸಾಸಿನ ತೈಲೋದ್ಯಮಿ ಫ್ಯಾರಿಸ್ ವಿಲ್ಕ್ಸ್ ಅದಕ್ಕೆ ಬಂಡವಾಳ ಹಾಕಿದ್ದರು. ಶಪೀರೊ ಅವರ ಪಾಡ್‌ಕಾಸ್ಟ್, ಎಂದರೆ ಬೇಕೆಂದಾಗ ಕೇಳಬಹುದಾದ ಮಾತಿನ ಕಾರ್ಯಕ್ರಮ, ಅಮೆರಿಕದಲ್ಲಿ ಅತಿ ಹೆಚ್ಚು ಜನ ಕೇಳುವ ಕಾರ್ಯಕ್ರಮಗಳ ಸಾಲಿಗೆ ಸೇರಿತು.

ಒಂದು ಭಾಷಣಕ್ಕೆ ಆರು ಲಕ್ಷ ಡಾಲರ್

2017ರ ಸೆಪ್ಟೆಂಬರ್ 14ರಂದು ಶಪೀರೊ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಮಾತಾಡಿದರು. 1964ರಲ್ಲಿ ವಾಕ್ ಸ್ವಾತಂತ್ರ್ಯಕ್ಕಾಗಿ ವಿದ್ಯಾರ್ಥಿಗಳು ಹೆಸರಾಂತ ಚಳವಳಿ ಹೂಡಿದ ಜಾಗವದು. ಅಲ್ಲಿ ಒಬ್ಬ ಭಾಷಣಕಾರನಿಗೆ ಬಂದೋಬಸ್ತು ಮಾಡಲು ಸುಮಾರು 6 ಲಕ್ಷ ಡಾಲರ್ ಬೇಕಾಯಿತು! ಹೊರಗೆ ಪ್ರತಿಭಟನೆ, ಅಡ್ಡಗಟ್ಟೆ, ಪೊಲೀಸರ ಸಾಲು; ಕೆಲವರ ಬಂಧನ. ಒಳಗೆ ಭಾಷಣ ಸುಸೂತ್ರವಾಗಿ ಮುಗಿಯಿತು. ತಡೆಯಲು ಹೊರಟವರೇ ಅವರಿಗೆ ಪುಕ್ಕಟೆ ಪ್ರಚಾರ ಕೊಟ್ಟರು ಎನ್ನಲಡ್ಡಿಯಿಲ್ಲ.

ಇಂಥ ಸಭೆಗಳಲ್ಲಿ ಶಪೀರೊ ಒಂದು ಪದ್ಧತಿ ಇಟ್ಟುಕೊಂಡಿದ್ದಾರೆ. ಭಾಷಣ ಮುಗಿದ ಮೇಲೆ, ನನ್ನನ್ನು ಒಪ್ಪದವರು ಸಾಲಿನಲ್ಲಿ ಮುಂದೆ ಬನ್ನಿ ಎನ್ನುತ್ತಾರೆ. ಇದು ಮೆಚ್ಚಬೇಕಾದ ಗುಣ. ನಮ್ಮ ಎಷ್ಟು ಸಭೆಗಳಲ್ಲಿ ಒಪ್ಪದವರಿಗೆ ಮೈಕು ಸಿಗುತ್ತದೆ, ಹೇಳಿ?

ಆದರೆ ಆಮೇಲೆ ನಡೆಯುವುದನ್ನು ಸೂಕ್ಷ್ಮವಾಗಿ ನೋಡಬೇಕು. ಒಂದು ಕಡೆ ಹಾರ್ವರ್ಡ್‌ನಲ್ಲಿ ಕಾನೂನು ಓದಿ, ಅದೇ ವಿಷಯವನ್ನು ನೂರಾರು ಸಲ ಮಾತಾಡಿ ಪಳಗಿದವರು. ಇನ್ನೊಂದು ಕಡೆ ಮೊದಲ ಬಾರಿ ಮೈಕು ಹಿಡಿದ ಹತ್ತೊಂಬತ್ತರ ವಿದ್ಯಾರ್ಥಿ. ಆತ ತಡವರಿಸಿದ ಅರ್ಧ ನಿಮಿಷವನ್ನು ಕತ್ತರಿಸಿ, ಶಪೀರೊ ಧೂಳೀಪಟ ಮಾಡಿದರು ಎಂಬಂಥ ತಲೆಬರಹ ಕೊಟ್ಟು ವಿಡಿಯೊ ಹರಿಯಬಿಡಲಾಗುತ್ತದೆ. ವಿದ್ಯಾರ್ಥಿ ಸೋತದ್ದು ನಿಜ. ಆದರೆ ಅವನ ವಾದ ಸೋತಿತೇ? ಸಾವಧಾನವಾಗಿ ಉತ್ತರಿಸಬಲ್ಲ ಪ್ರಾಧ್ಯಾಪಕರೊಬ್ಬರು ಆ ಜಾಗದಲ್ಲಿ ನಿಂತಿದ್ದರೆ ಫಲಿತಾಂಶ ಬೇರೆಯಾಗುತ್ತಿತ್ತೇ? ವಿಡಿಯೊ ಅದನ್ನು ಹೇಳುವುದಿಲ್ಲ.

ನಮ್ಮ ನ್ಯಾಯಶಾಸ್ತ್ರದ ಪಂಡಿತರು ಚರ್ಚೆಯನ್ನು ಮೂರು ಬಗೆಯಾಗಿ ವಿಂಗಡಿಸಿದ್ದರು. ಇಬ್ಬರೂ ಸತ್ಯವನ್ನು ಅರಸುತ್ತ ಮಾತಾಡಿದರೆ ವಾದ. ಗೆಲ್ಲುವುದೇ ಗುರಿಯಾಗಿ, ಪಟ್ಟುಗಳನ್ನೆಲ್ಲ ಬಳಸಿದರೆ ಜಲ್ಪ. ತನ್ನದೆಂಬ ನಿಲುವನ್ನೇ ಇಡದೆ ಎದುರಾಳಿಯನ್ನು ಖಂಡಿಸುವುದಷ್ಟೇ ಕೆಲಸವಾದರೆ ವಿತಂಡ. ಶಪೀರೊ ಅವರದು ವಿತಂಡವಲ್ಲ. ಅವರಿಗೆ ಸ್ಪಷ್ಟ ನಿಲುವುಗಳಿವೆ. ಆದರೆ ಲಕ್ಷಾಂತರ ಮಂದಿ ನೋಡುವ ಆ ತುಣುಕುಗಳು ಬಹುಪಾಲು ಜಲ್ಪವೇ. ನನ್ನ ವಿದ್ಯಾರ್ಥಿ ಅದನ್ನೇ ವಾದವೆಂದು ತಿಳಿದಿದ್ದ.

ಅಳತೆಗೆ ಸಿಗದ ಪ್ರಶ್ನೆಗಳು

ಇನ್ನೊಂದು ತೊಡಕೂ ಇದೆ. 2015ರಲ್ಲಿ ಟೀವಿ ಚರ್ಚೆಯೊಂದರಲ್ಲಿ, ಗಂಡಾಗಿ ಹುಟ್ಟಿ ಹೆಣ್ಣಾಗಿ ಬದುಕುತ್ತಿದ್ದ ಪತ್ರಕರ್ತೆಯೊಬ್ಬರನ್ನು ಶಪೀರೊ ಬೇಕೆಂದೇ ‘ಸರ್’ ಎಂದು ಸಂಬೋಧಿಸಿದರು. ನಿಮ್ಮ ಜೀವಕೋಶಗಳ ವರ್ಣತಂತು ಏನು ಹೇಳುತ್ತದೆ ಎಂಬುದು ಅವರ ಸವಾಲು. ಆಕೆ ಅವರ ಕತ್ತಿಗೆ ಕೈಹಾಕಿ, ಆಂಬುಲೆನ್ಸಿನಲ್ಲಿ ಮನೆಗೆ ಹೋಗಬೇಕಾದೀತು ಎಂದು ಗದರಿಸಿದರು. ಮಾತಿಗೆ ಕೈ ಉತ್ತರವಲ್ಲ; ಆಕೆ ಮಾಡಿದ್ದು ತಪ್ಪೇ.

ಆದರೆ ಜೀವಶಾಸ್ತ್ರ ಕಲಿಸುವವನಾಗಿ ನಾನು ಹೇಳಬೇಕಾದದ್ದು ಇಷ್ಟು. ವರ್ಣತಂತು ಎಕ್ಸ್ ಇದೆಯೋ ವೈ ಇದೆಯೋ ಎಂಬುದನ್ನು ಸೂಕ್ಷ್ಮದರ್ಶಕ ಹೇಳುತ್ತದೆ. ಎದುರಿಗೆ ಕುಳಿತವರನ್ನು ಏನೆಂದು ಕರೆಯಬೇಕು ಎಂಬುದನ್ನು ಅದು ಹೇಳುವುದಿಲ್ಲ. ಹಾಗೆಯೇ ಬಂದೂಕಿನಿಂದ ಎಷ್ಟು ಮಂದಿ ಸತ್ತರು ಎಂಬುದನ್ನು ಎಣಿಸಬಹುದು. ಬಂದೂಕು ಹೊಂದುವ ಹಕ್ಕು ಎಷ್ಟು ದೊಡ್ಡದು ಎಂಬುದನ್ನು ಎಣಿಸಲಾಗದು. ಇವು ಮೌಲ್ಯದ ಪ್ರಶ್ನೆಗಳು. ಇವುಗಳಿಗೆ ಉತ್ತರ ಹುಡುಕುವಾಗ ಭಾವನೆಗೂ ಒಂದು ಕುರ್ಚಿ ಹಾಕಲೇಬೇಕು. ವಾಸ್ತವಾಂಶವನ್ನು ತೋರಿಸಿ ಮೌಲ್ಯದ ಪ್ರಶ್ನೆಯನ್ನೂ ಮುಗಿಸಿಬಿಟ್ಟೆ ಎನ್ನುವುದು ತರಗತಿಯಲ್ಲಾದರೆ ಲೆಕ್ಕದ ಒಂದು ಹೆಜ್ಜೆ ಬಿಟ್ಟಂತೆ. ಎಡದವರೂ ಬಲದವರೂ ಈ ಹೆಜ್ಜೆ ಬಿಡುವುದರಲ್ಲಿ ಸಮಾನರು.

ಸೋಲೊಪ್ಪಿದ ದಿನ

2019ರ ಮೇ ತಿಂಗಳಲ್ಲಿ ತಮ್ಮ ಹೊಸ ಪುಸ್ತಕದ ಪ್ರಚಾರಕ್ಕೆಂದು ಶಪೀರೊ ಬಿಬಿಸಿಗೆ ಸಂದರ್ಶನ ಕೊಟ್ಟರು. ಸಂದರ್ಶಕರು ಆಂಡ್ರೂ ನೀಲ್. ಮಾತಿನ ಬಿರುಸು ಕಡಿಮೆಯಾಗಬೇಕು ಎಂದು ಪುಸ್ತಕದಲ್ಲಿ ಬರೆಯುವ ನೀವು ಹಿಂದೆ ಏನೆಲ್ಲ ಬರೆದಿದ್ದಿರಿ ಎಂದು ನೀಲ್ ಒಂದೊಂದಾಗಿ ಓದತೊಡಗಿದರು. ಇಸ್ರೇಲಿಗಳು ಕಟ್ಟುವವರು, ಅರಬರು ಬಾಂಬು ಹಾಕಿ ಕೊಚ್ಚೆಯಲ್ಲಿ ಬದುಕುವವರು ಎಂಬರ್ಥದ 2010ರ ಟ್ವೀಟ್ ಕೂಡ ಅದರಲ್ಲಿತ್ತು. ಶಪೀರೊ ತಾಳ್ಮೆ ಕಳೆದುಕೊಂಡರು. ನೀವು ಎಡಪಂಥೀಯರು ಎಂದು ಹಂಗಿಸಿದರು. ನಾನು ಜನಪ್ರಿಯ, ನಿಮ್ಮ ಹೆಸರು ಯಾರು ಕೇಳಿದ್ದಾರೆ ಎಂದರು. ಕೊನೆಗೆ ಎದ್ದೇ ಹೋದರು. ತಮಾಷೆಯೆಂದರೆ ನೀಲ್ ಆಗ ಬ್ರಿಟನ್ನಿನ ಪ್ರಮುಖ ಬಲಪಂಥೀಯ ವಾರಪತ್ರಿಕೆ ‘ದಿ ಸ್ಪೆಕ್ಟೇಟರ್’ನ ಅಧ್ಯಕ್ಷರು!

ಆದರೆ ಕತೆ ಅಲ್ಲಿಗೆ ಮುಗಿಯಲಿಲ್ಲ. ಆಮೇಲೆ ಶಪೀರೊ, ನೀಲ್ ನನ್ನನ್ನು ಧೂಳೀಪಟ ಮಾಡಿದರು, ನಾನು ಸರಿಯಾಗಿ ತಯಾರಾಗಿರಲಿಲ್ಲ ಎಂದು ಬಹಿರಂಗವಾಗಿ ಒಪ್ಪಿಕೊಂಡರು. ಅದಕ್ಕೂ ಹಿಂದಿನ ವರ್ಷ, 2018ರಲ್ಲಿ, ತಾನು ಬರೆದ, ಆಡಿದ ಮೂರ್ಖ ಮಾತುಗಳ ಉದ್ದನೆಯ ಪಟ್ಟಿಯನ್ನು ತನ್ನದೇ ತಾಣದಲ್ಲಿ ಪ್ರಕಟಿಸಿದ್ದರು. ಇಸ್ರೇಲ್ ಮತ್ತು ಅದರ ವಶದಲ್ಲಿರುವ ಪ್ರದೇಶಗಳಿಂದ ಅರಬರನ್ನು ಹೊರಹಾಕಬೇಕು ಎಂದು ಹತ್ತೊಂಬತ್ತನೇ ವಯಸ್ಸಿನಲ್ಲಿ ಬರೆದ ಅಂಕಣವನ್ನೂ ಅವರು ಈಗ ತಪ್ಪೆಂದು ಕೈಬಿಟ್ಟಿದ್ದಾರೆ. ಹದಿನೇಳರಲ್ಲೇ ದೇಶದ ಮುಂದೆ ಬರೆಯಲು ಕೂರಿಸಿದರೆ ಹೀಗಾಗುತ್ತದೆ. ನಮ್ಮ ನಿಮ್ಮ ಹದಿಹರೆಯದ ಮಾತುಗಳನ್ನು ಗಾಳಿ ಒಯ್ದಿತು. ಅವರ ಮಾತುಗಳು ಅಚ್ಚಿನಲ್ಲಿ ಉಳಿದವು, ಆ ಮಾತುಗಳಿಂದ ನೊಂದವರೂ ಉಳಿದರು.

ನಾನು ನೋಡಿದ ಶಪೀರೊ ವಿಡಿಯೊಗಳಲ್ಲಿ ನನಗೆ ಹೆಚ್ಚು ಪಾಠ ಕಲಿಸಿದ್ದು ಅವರು ಸೋತ ಈ ಸಂದರ್ಶನವೇ. ನನ್ನ ವಿದ್ಯಾರ್ಥಿ ಅದನ್ನು ನೋಡಿರಲಿಲ್ಲ.

ಮಾತಿಗೆ ಗುಂಡು ಉತ್ತರವಾದಾಗ

2025ರ ಸೆಪ್ಟೆಂಬರ್ 10ರಂದು ಯೂಟಾ ವ್ಯಾಲಿ ವಿಶ್ವವಿದ್ಯಾಲಯದ ಆವರಣದಲ್ಲಿ ಇಂಥದೇ ಇನ್ನೊಬ್ಬ ಯುವ ಬಲಪಂಥೀಯ ಭಾಷಣಕಾರ ಚಾರ್ಲಿ ಕರ್ಕ್ ವಿದ್ಯಾರ್ಥಿಗಳ ಪ್ರಶ್ನೆಗಳಿಗೆ ಉತ್ತರಿಸುತ್ತಿದ್ದರು. ಹದಿನೆಂಟನೇ ವಯಸ್ಸಿನಲ್ಲಿ, 2012ರಲ್ಲಿ, ‘ಟರ್ನಿಂಗ್ ಪಾಯಿಂಟ್ ಯುಎಸ್ಎ’ ಎಂಬ ವಿದ್ಯಾರ್ಥಿ ಸಂಘಟನೆ ಕಟ್ಟಿದವರು ಅವರು. ಪ್ರಶ್ನೆಗೆ ಉತ್ತರ ಕೊಡುತ್ತಿದ್ದಾಗಲೇ ದೂರದಿಂದ ಬಂದ ಗುಂಡಿಗೆ ಬಲಿಯಾದರು. ವಯಸ್ಸು 31. ಹೆಂಡತಿ, ಇಬ್ಬರು ಎಳೆಯ ಮಕ್ಕಳು.

ಕರ್ಕ್ ಅವರ ಮಾತುಗಳಿಂದ ನೊಂದವರು ಬಹಳ ಮಂದಿ ಇದ್ದರು. ಆದರೆ ಮೈಕಿನ ಮುಂದೆ ನಿಂತವನನ್ನು ಕೊಲ್ಲುವುದು ಯಾವ ವಾದಕ್ಕೂ ಉತ್ತರವಲ್ಲ. ಅಲ್ಲಿಗೆ ವಾದವೂ ಇಲ್ಲ, ಜಲ್ಪವೂ ಇಲ್ಲ, ಮಾತೇ ಸತ್ತಂತೆ. ಆ ವರ್ಷದ ಕೊನೆಗೆ, ಯಹೂದಿ ದ್ವೇಷ ಕಾರುವ ನಿಕ್ ಫ್ಯುಯೆಂಟಿಸ್ ಎಂಬಾತನನ್ನು ಟಕರ್ ಕಾರ್ಲ್‌ಸನ್ ಮೃದುವಾಗಿ ಸಂದರ್ಶಿಸಿದರೆಂದು ಶಪೀರೊ ಕಟುವಾಗಿ ಟೀಕಿಸಿ, ಸ್ವಂತ ಪಾಳೆಯದ ಹಲವರನ್ನು ಎದುರುಹಾಕಿಕೊಂಡರು. ಒಮ್ಮೆ ಅವರದೇ ಡೈಲಿ ವೈರ್‌ನಲ್ಲಿದ್ದು 2024ರಲ್ಲಿ ಹೊರಬಿದ್ದ ಕ್ಯಾಂಡೇಸ್ ಓವೆನ್ಸ್ ಕೂಡ ಈಗ ಎದುರಾಳಿಗಳ ಸಾಲಿನಲ್ಲಿದ್ದಾರೆ. ಅತಿ ಕಿರಿಯ ಅಂಕಣಕಾರನಿಗೆ ಈಗ ನಲವತ್ತು ದಾಟಿದೆ. ತನಗಿಂತ ಕಿರಿಯರ, ತನಗಿಂತ ಬಿರುಸಿನ ಮಾತಿಗೆ ಉತ್ತರ ಹೇಳುವ ಸರದಿ ಈಗ ಅವರದು.

ಹುಣಸೆಮರದ ಸೂರ್ಯ

ಇಷ್ಟೆಲ್ಲ ಓದುವಾಗ ನನಗೆ ನನ್ನದೇ ತರಗತಿಯೊಂದು ನೆನಪಾಗುತ್ತಿತ್ತು. ಕೆಲಸಕ್ಕೆ ಸೇರಿದ ಹೊಸತು. ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ ಎಂದು ಪಾಠ ಮಾಡುತ್ತಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದುನಿಂತು, ‘ಸಾರ್, ನಮ್ಮನೆ ಜಗಲಿಯಿಂದ ನೋಡಿದ್ರೆ ಮಳೆ ಶುರುವಾಗೋ ಹೊತ್ತಿಗೆ ಸೂರ್ಯ ಹುಣಸೆಮರದ ಹಿಂದೆ ಹುಟ್ತಾನೆ. ಸಂಕ್ರಾಂತಿ ಹೊತ್ತಿಗೆ ಬಾವಿಕಟ್ಟೆ ಕಡೆ ಹುಟ್ತಾನೆ. ಅದ್ರಲ್ಲಿ ಪೂರ್ವ ಯಾವ್ದು ಸಾರ್?’ ಎಂದ.

‘ನಿಮ್ಮನೆ ಸೂರ್ಯನಿಗೆ ದಾರಿ ತಪ್ಪಿದೆ ಕಣಪ್ಪ, ಒಂದು ದಿಕ್ಸೂಚಿ ಕೊಡಿಸು’ ಎಂದೆ. ತರಗತಿ ಗೊಳ್ಳೆಂದಿತು. ಹುಡುಗ ಕುಳಿತ. ಆ ವರ್ಷವೆಲ್ಲ ಮತ್ತೆ ಅವನು ಏಳಲಿಲ್ಲ.

ಅವನು ಹೇಳಿದ್ದು ಅಕ್ಷರಶಃ ಸರಿ. ಸೂರ್ಯ ನೇರ ಪೂರ್ವದಲ್ಲಿ ಹುಟ್ಟುವುದು ವರ್ಷಕ್ಕೆ ಎರಡೇ ಸಲ, ಮಾರ್ಚ್ 21 ಮತ್ತು ಸೆಪ್ಟೆಂಬರ್ 23ರ ಆಸುಪಾಸಿನಲ್ಲಿ. ಉಳಿದಂತೆ ನಮ್ಮ ಸೀಮೆಯಲ್ಲಿ ಸುಮಾರು 24 ಡಿಗ್ರಿಗಳಷ್ಟು ಉತ್ತರಕ್ಕೂ ಅಷ್ಟೇ ದಕ್ಷಿಣಕ್ಕೂ ಸರಿದಾಡುತ್ತಾನೆ. ಉತ್ತರಾಯಣ, ದಕ್ಷಿಣಾಯನ ಎಂಬ ಪದಗಳು ನನಗೆ ಗೊತ್ತಿರಲಿಲ್ಲವೇ? ಗೊತ್ತಿದ್ದವು. ಆದರೆ ಚಟಾಕಿ ನಾಲಿಗೆಯ ತುದಿಗೆ ಬಂದಷ್ಟು ಬೇಗ ಯೋಚನೆ ತಲೆಗೆ ಬರಲಿಲ್ಲ. ಮರುವರ್ಷ ಅದೇ ಪಾಠ ಮಾಡುವಾಗ ತಪ್ಪು ಹೊಳೆಯಿತು. ಅಷ್ಟರಲ್ಲಿ ಹುಡುಗ ಟಿ.ಸಿ. ತೆಗೆದುಕೊಂಡು ಬೇರೆ ಊರಿಗೆ ಹೋಗಿದ್ದ. ಆ ತರಗತಿಯಲ್ಲಿ ವಾಸ್ತವಾಂಶ ಇದ್ದದ್ದು ಅವನ ಬಳಿ. ಚಪ್ಪಾಳೆ ಬಿದ್ದದ್ದು ನನಗೆ.

ಮೊಬೈಲ್ ತಂದ ಹುಡುಗನಿಗೆ ಈ ಕತೆ ಹೇಳಿದೆ. ನೀಲ್ ಸಂದರ್ಶನದ ವಿಷಯವನ್ನೂ ಹೇಳಿದೆ. ‘ನೋಡಪ್ಪ, ಚರ್ಚೆಗೆ ನಿಂತಾಗ ಎದುರಿನವರು ಏನು ಹೇಳಿದರು ಅಂತ ಮೊದಲು ನೀನೇ ಹೇಳು. ಹೌದು, ನಾನು ಹೇಳಿದ್ದು ಅದೇ ಅಂತ ಅವರು ತಲೆ ಆಡಿಸಬೇಕು. ಆಮೇಲೆ ಉತ್ತರ ಕೊಡು’ ಎಂದೆ.

ಹುಡುಗ ಸ್ವಲ್ಪ ಯೋಚಿಸಿ, ‘ಸಾರ್, ಸ್ಪರ್ಧೆಯಲ್ಲಿ ಕೊಡೋದೇ ಮೂರು ನಿಮಿಷ. ಅವರದನ್ನೂ ನಾನೇ ಹೇಳ್ತಾ ಕೂತ್ರೆ ನನ್ನದು ಯಾವಾಗ ಹೇಳ್ಲಿ?’ ಎಂದ.

ಅವನ ಮಾತೂ ನಿಜವೇ. ಒಂದು ಚಟಾಕಿ ನಾಲಿಗೆಯವರೆಗೆ ಬಂದಿತ್ತು. ನುಂಗಿಕೊಂಡು, ‘ಯೋಚನೆ ಮಾಡಿ ನಾಳೆ ಹೇಳ್ತೀನಿ’ ಎಂದೆ.